ಕುರ್ಚಿಯ ತುದಿಗೆ ಕೂತಿದ್ದ ಸಾಹೇಬರು

ಅವರು ಕೂತಲ್ಲೇ ತೀರಿಕೊಂಡರಂತೆ. ಸುದ್ದಿ ತಂದವರು ಮುದ್ದೇಬಿಹಾಳದ ಕಡೆಯ ಒಬ್ಬ ನಿವೃತ್ತ ಮಾಸ್ತರರು. ಹೇಳಿ ಮುಗಿಸಿ, ಬಶಿಯಲ್ಲಿದ್ದ ಚಹಾ ಕುಡಿದು, "ಕುಂತಿದ್ರಂತ್ರಿ ಅಕ್ಕೋರ. ನಮ್ಮ ಸಾಹೇಬ್ರು ಕುರ್ಚಿ ಮ್ಯಾಲೆ ಕುಂತಿದ್ರಂತ," ಎಂದು ಮತ್ತೆ ಮತ್ತೆ ಅಂದರು. ಸಾವಿಗಿಂತ ಅವರಿಗೆ ಅದೇ ದೊಡ್ಡ ಸೋಜಿಗ. ನಿಜ ಹೇಳಬೇಕೆಂದರೆ ನನಗೂ ಮೊದಲು ಸೋಜಿಗವೇ ಆಯಿತು. ಮಾಸ್ತರರು ಹೋದ ಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ಎಪ್ಪತ್ತರ ದಶಕದಲ್ಲಿ ಅವರು ಶಾಲೆಗಳ ಇನ್ಸ್‌ಪೆಕ್ಟರರಾಗಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನಲ್ಲಿ ಅವರು ತುಳಿಯದ ದಾರಿ ಇರಲಿಲ್ಲ. ನಾನು ಇಂಡಿಯವಳು. ಬಾಗೇವಾಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿದಾಗ ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಊರಿಗೆಲ್ಲ ಅವರು ಸಾಹೇಬರು, ನನಗೆ ಕಾಕಾ. ಅವರ ಹೆಂಡತಿ ಕಾಕು. ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದರು. ಮನೆಯಲ್ಲಿ ಇಬ್ಬರೇ. ಇಬ್ಬರೇ ಅನ್ನುವುದೂ ತಪ್ಪು, ಮನೆಯಲ್ಲಿ ಕಾಕು ಇರುತ್ತಿದ್ದರು, ಕಾಕಾ ಬಂದು ಹೋಗುತ್ತಿದ್ದರು.

ಅವರು ನಿಂತು ಚಹಾ ಕುಡಿಯುವರು, ಓಡಾಡುತ್ತ ಹಲ್ಲುಜ್ಜುವರು. ಕ್ಷೌರಿಕನ ಮುಂದೆ ಕೂಡುವುದಾಗದೆ ಗಡ್ಡವನ್ನು ಮನೆಯಲ್ಲೇ ಹೆರೆದುಕೊಳ್ಳುವರು, ಅದೂ ಅಂಗಳದಿಂದ ಪಡಸಾಲೆಗೆ ಎರಡು ಸಲ ಹೋಗಿಬಂದು. ಕುರ್ಚಿ ಕೊಟ್ಟರೆ ಅದರ ತುದಿಗೆ ಸ್ವಲ್ಪ ತಗುಲಿಕೊಂಡಂತೆ ಕೂಡುತ್ತಿದ್ದರು. ಕಣ್ಣು ಬಾಗಿಲ ಕಡೆ. ಬಸ್ ನಿಲ್ದಾಣದಲ್ಲಿ ಕಾಯುವುದೆಂದರೆ ಅವರಿಗೆ ಶಿಕ್ಷೆ. ಬಸ್ಸು ಬರುವುದು ತಡವಾದರೆ ಆ ದಾರಿ ಹಿಡಿದು ನಡೆದೇಬಿಡುತ್ತಿದ್ದರು. ಡ್ರೈವರುಗಳಿಗೆಲ್ಲ ಗೊತ್ತು, ಸಾಹೇಬರು ಮುಂದೆ ಎಲ್ಲೋ ಸಿಗುತ್ತಾರೆ ಎಂದು. ಧೋತರದ ಚುಂಗು ಎತ್ತಿ ಹಿಡಿದು, ಕರಿ ಕೋಟು ಹಾಕಿ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಎರೆಹೊಲದ ನಡುವಿನ ರಸ್ತೆಯಲ್ಲಿ ದುಡುದುಡು ನಡೆಯುತ್ತಿದ್ದವರ ಪಕ್ಕ ಬಸ್ಸು ನಿಲ್ಲುವುದು. ಒಂದು ಸಲ ಕೇಳಿದೆ, ಇಷ್ಟೇಕೆ ಅವಸರ ಎಂದು. "ನಿಂತ್ರ ಬಸ್ ಬರೂದಿಲ್ಲ ಮಾಸ್ತರಬಾಯಿ. ನಡದ್ರ ಹಿಂದಿಂದ ಬರತೈತಿ," ಅಂದರು.

ಇಂಥ ಮನುಷ್ಯನನ್ನು ಕಟ್ಟಿಹಾಕುವ ಮಾತು ಒಂದೇ ಒಂದಿತ್ತು. ಇರ್ರಿ.

ನಮ್ಮ ಕಡೆ ಒಬ್ಬರ ಮನೆಗೆ ಹೋದವರು ಎದ್ದು ಸುಮ್ಮನೆ ಹೊರಟುಬಿಡುವಂತಿಲ್ಲ. ಬರ್ತೇನ್ರಿ ಎಂದು ಅಪ್ಪಣೆ ಕೇಳಬೇಕು. ಮನೆಯವರು ಇರ್ರಿ, ಏನು ಗಡಬಡಿ, ಊಟಾ ಮಾಡ್ಕೊಂಡ ಹೋಗ್ರಿ ಎಂದು ತಡೆಯಬೇಕು. ಇವರು ಇಲ್ಲ ಅನ್ನಬೇಕು, ಅವರು ಮತ್ತೊಮ್ಮೆ ಜಗ್ಗಬೇಕು, ಆಮೇಲೆ ಬಿಡಬೇಕು. ಎಲ್ಲರಿಗೂ ಇದು ಆಟವೆಂದು ಗೊತ್ತು. ಕಾಕಾ ಒಬ್ಬರಿಗೆ ಮಾತ್ರ ಅದು ಕೋರ್ಟಿನ ಹುಕುಮು. ಅವರ ತಾಯಿ ಚಿಕ್ಕಂದಿನಲ್ಲೇ ತಲೆಯಲ್ಲಿ ತುಂಬಿದ್ದರಂತೆ, ಇರು ಅಂದ ಮನೆಯವರ ಮಾತು ಮುರಿದು ಹೊಸ್ತಿಲು ದಾಟಿದರೆ ಆ ಮನೆಯ ಮರ್ಯಾದೆ ಕಡಿಮೆ ಮಾಡಿದಂತೆ ಎಂದು. ಅದಕ್ಕೇ ಅವರು ಯಾರ ಮನೆಗೂ ಸುಲಭಕ್ಕೆ ಹೋಗುತ್ತಿರಲಿಲ್ಲ. ಕಟ್ಟೆಯ ಮೇಲೆ ನಿಂತು ಮಾತು ಮುಗಿಸುತ್ತಿದ್ದರು.

ಕನ್ನೊಳ್ಳಿ ಎಂಬ ಹಳ್ಳಿಯ ಹಿರಿಯರು ಇದನ್ನು ಚೆನ್ನಾಗಿ ಉಪಯೋಗಿಸಿಕೊಂಡರು. ಅಲ್ಲಿಯ ಶಾಲೆಯ ಮಾಳಿಗೆ ಸೋರುತ್ತಿತ್ತು. ಅರ್ಜಿ ಕೊಟ್ಟು ಕೊಟ್ಟು ಬೇಸತ್ತಿದ್ದರು. ಕಾಕಾ ತಪಾಸಣೆ ಮುಗಿಸಿ ಬರ್ತೇನಿ ಅಂದರೆ ಒಬ್ಬ ಹಿರಿಯರು ಇರ್ರಿ, ಊಟ ಆಗಲಿ ಅಂದರು. ಉಂಡು ಎದ್ದರೆ ಇನ್ನೊಬ್ಬರು, ನಮ್ಮ ಮನೆ ಏನು ಪಾಪ ಮಾಡಿತ್ತು ಅಂದರು. ಮರುದಿನ ಮತ್ತೊಬ್ಬರು. ಕಾಕಾ ಒಳಗೊಳಗೇ ಕುದಿಯುತ್ತ ಅಂಗಳದಲ್ಲಿ ಗಾಣದೆತ್ತಿನಂತೆ ತಿರುಗಿದರಂತೆ. ಊರಿನವರೆಲ್ಲ ಮೋಡ ನೋಡುತ್ತ ಇದ್ದರು. ಕೊನೆಗೆ ಮಳೆ ಬಂತು. ಇವರನ್ನು ಶಾಲೆಗೆ ಕರೆದುಕೊಂಡು ಹೋಗಿ, ಸರಿಯಾಗಿ ಸೋರುವ ಜಾಗದ ಕೆಳಗೆ ನಿಲ್ಲಿಸಿದರು. ತಲೆಯ ಮೇಲೆ ಮಣ್ಣುನೀರು ಇಳಿಯುತ್ತಿರುವಾಗ ಕಾಕಾ ಕೇಳಿದರಂತೆ, "ಈಗರೆ ಹೋಗಲ್ರ್ಯಾ?" ಹಿರಿಯರು ಕೈ ಮುಗಿದು, "ಈಗ ಹೋಗಿ ಬರ್ರಿ ಸಾಹೇಬ್ರ," ಅಂದರು. ಮುಂದಿನ ಬೇಸಿಗೆಯಲ್ಲಿ ಆ ಶಾಲೆಗೆ ಹೊಸ ತಗಡು ಬಿತ್ತು. ಈ ಕಥೆಯನ್ನು ಕಾಕಾ ತಾವೇ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಕ್ಕಿ ಆರಿಸುತ್ತಿದ್ದ ಕಾಕೂನೂ ನಗುತ್ತಿದ್ದರು.

ನಾನು ಅಲ್ಲಿದ್ದಾಗಲೇ ಒಂದು ವರ್ಷ ಕಾಕುಗೆ ಹೊಟ್ಟೆಯ ಆಪರೇಶನ್ ಆಯಿತು. ಮಿರಜಿಗೆ ಕರೆದುಕೊಂಡು ಹೋಗಿದ್ದರು. ಕಾಕಾ ಆಸ್ಪತ್ರೆಯಲ್ಲೂ ಕೂಡಲಿಲ್ಲ. ಹಾಸಿಗೆಯ ಹತ್ತಿರ ಬರುವುದು, ಹಣೆ ಮುಟ್ಟುವುದು, ಕಿಟಕಿಯಿಂದ ಹೊರಗೆ ನೋಡುವುದು, ಓಣಿಯ ಕೊನೆಯವರೆಗೆ ನಡೆದು ಬರುವುದು. ಅವರಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಆದರೆ ಆ ಪ್ರೀತಿಗೆ ಕೂಡುವುದು ಗೊತ್ತಿರಲಿಲ್ಲ. ಬಾಗೇವಾಡಿಗೆ ಬಂದ ಮೇಲೆ ಕಾಕು ನನಗೆ ಹೇಳಿದ್ದರು, "ಔಷಧಾ ಎಲ್ಲಾ ಆತವ್ವಾ. ಒಂದ ವಾರ ಅವರು ನನ್ನ ಮಗ್ಗಲಿಗೆ ಕುಂತ್ರ ನಾ ಎದ್ದ ಓಡ್ಯಾಡತೇನಿ."

ಕಾಕುನ ತಮ್ಮ ಮುಂಬಯಿಯ ದೊಡ್ಡ ಕಂಪನಿಯೊಂದರಲ್ಲಿ ಅಧಿಕಾರಿ. ಗೋವಾದಲ್ಲಿ, ಸಮುದ್ರದ ದಂಡೆಯ ಮೇಲೆ, ಸಾಹುಕಾರರೂ ವಿದೇಶದವರೂ ಬಂದು ಇಳಿಯುವಂಥ ಒಂದು ಹೋಟೆಲಿನಲ್ಲಿ ಆ ಕಂಪನಿ ತನ್ನವರಿಗಾಗಿ ಒಂದು ಪುಟ್ಟ ಮನೆಯನ್ನು ಕಾಯಂ ಹಿಡಿದಿಟ್ಟಿತ್ತು. ದೀಪಾವಳಿಗೆ ತನ್ನ ಸರದಿಯ ವಾರವನ್ನು ಅವನು ಅಕ್ಕನಿಗೆ ಬಿಟ್ಟುಕೊಟ್ಟ. ಸಮುದ್ರದ ಗಾಳಿ ಒಳ್ಳೆಯದು, ವಿಶ್ರಾಂತಿ ಆಗುತ್ತದೆ ಅಂದ. ಅವನ ಮಾತಿಗೆ ಕಾಕಾ ಹ್ಞೂಂ ಅಂದರು, ಮುಖ ಮಾತ್ರ ಹುಳ್ಳಗಿತ್ತು. ಕಾಕು ನನ್ನ ಕೋಣೆಗೆ ಬಂದು, "ನೀನೂ ಬಾ. ಇಬ್ರ ಹೋದ್ರ ಇವರು ನನ್ನ ಸಾಮಾನ ಇಟ್ಟಂಗ ಅಲ್ಲಿಟ್ಟು ಬಂದಬಿಡತಾರ," ಅಂದರು. ನನಗೂ ರಜೆ. ಹೊರಟೆವು.

ರೈಲಿನಲ್ಲಿ ಅವರ ಜೊತೆ ಹೋಗುವ ಸುಖ ಬೇರೆಯೇ. ಪ್ರತಿ ಸ್ಟೇಷನ್ನಿನಲ್ಲಿ ಇಳಿಯುವರು. ಗಾಡಿ ಹೊರಟ ಮೇಲೆ ಬೇರೆ ಡಬ್ಬಿ ಹತ್ತುವರು. ಮುಂದಿನ ಸ್ಟೇಷನ್ನಿನಲ್ಲಿ ನಮ್ಮ ಡಬ್ಬಿಗೆ ಬಂದು, "ಹಿಂದಿನ ಡಬ್ಬ್ಯಾಗ ಗಾಳಿ ಛಲೋ ಐತಿ," ಎಂದು ವರದಿ ಒಪ್ಪಿಸುವರು. ಕಾಕು ಕಟ್ಟಿ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಅವರು ಬಾಗಿಲಲ್ಲಿ ನಿಂತೇ ತಿಂದರು. ಹುಬ್ಬಳ್ಳಿಯಿಂದ ಗೋವಾದವರೆಗೂ ಕಿಟಕಿಯಿಂದ ತಲೆ ಹೊರಹಾಕಿ ಅವರ ಕರಿ ಕೋಟು ಹುಡುಕುವುದೇ ನನ್ನ ಕೆಲಸವಾಯಿತು.

ಹೋಟೆಲು ಏನು ಹೇಳುವುದು, ನಾವು ಅಂಥದ್ದನ್ನು ಕಂಡೇ ಇರಲಿಲ್ಲ. ತೆಂಗಿನ ಮರಗಳ ನಡುವೆ ಬಿಳಿ ಬಿಳಿ ಮನೆಗಳು, ಹಸಿರು ಹುಲ್ಲು, ಈಜುವುದಕ್ಕೆ ನೀಲಿ ಕೊಳ, ಬಿಳಿ ಕೋಟು ಹಾಕಿ ತಟ್ಟೆ ಹಿಡಿದು ಓಡಾಡುವ ಮಾಣಿಗಳು. ನಮ್ಮ ಮನೆಯ ಮುಂದಿನ ಕಟ್ಟೆಯಲ್ಲಿ ಎರಡು ಬೆತ್ತದ ಕುರ್ಚಿಗಳು, ಎದುರಿಗೆ ಸಮುದ್ರ. ಆಲಮಟ್ಟಿಯ ಹತ್ತಿರ ಕೃಷ್ಣೆಯನ್ನು ನೋಡಿದ್ದೇ ನಮಗೆ ದೊಡ್ಡ ನೀರು. ಕಾಕು ಸೆರಗು ಹೊದ್ದು ಒಂದು ಕುರ್ಚಿಯಲ್ಲಿ ಕೂತು, ಬಹಳ ಹೊತ್ತು ನೋಡಿ, "ಇಷ್ಟ ನೀರಿಟಗೊಂಡು ಯಾರಿಗೂ ಒಂದ ಕೊಡಾ ಕೊಡೂದಿಲ್ಲ ನೋಡ," ಅಂದರು. ಅವರ ಕೈ ಏನೂ ಕೆಲಸವಿಲ್ಲದೆ ಸೆರಗಿನ ಅಂಚನ್ನು ಮಡಿಚುತ್ತ ಬಿಚ್ಚುತ್ತ ಇತ್ತು. ಇನ್ನೊಂದು ಕುರ್ಚಿ ಖಾಲಿ.

ಕಾಕಾ ಅಷ್ಟರಲ್ಲಿ ಹೋಟೆಲಿನ ತಪಾಸಣೆ ಮುಗಿಸಿದ್ದರು. ಬೆಂಕಿ ಆರಿಸುವ ಬಕೀಟುಗಳಲ್ಲಿ ಉಸುಕು ತುಂಬಿದೆ, ಊಟದ ಗಂಟೆ ಸರಿಯಾದ ವೇಳೆಗೆ ಬಾರಿಸುತ್ತಾರೆ, ತೋಟದ ಮಾಲಿಗೆ ಓದು ಬರುವುದಿಲ್ಲ. ಮರಳಿನ ಮೇಲೆ ಚಾಪೆ ಹಾಸಿ ಬಿಸಿಲಿಗೆ ಮಲಗಿದ್ದ ಬಿಳಿಯರನ್ನು ಕಂಡು, "ಇದಕ್ಕ ಇಷ್ಟ ದೂರ ಯಾಕ ಬರಬೇಕಿತ್ತು. ಸಿಂದಗಿಗೆ ಬಂದಿದ್ರ ಪುಕ್ಕಟ ಕೊಡತಿದ್ದಿವಿ," ಅಂದರು. ಸಮುದ್ರದ ಬಗ್ಗೆ ಅವರ ಷರಾ ಇನ್ನೂ ಚಿಕ್ಕದು. "ಬರತೈತಿ, ಹೋಗತೈತಿ. ಎಲ್ಲಿಗೂ ಮುಟ್ಟೂದಿಲ್ಲ." ನನಗೆ ಫಕ್ಕನೆ ನಗು ಬಂತು. ಕಾಕು ನಗಲಿಲ್ಲ.

ಸಂಜೆಗೆ ಹುಕುಮು ಹೊರಟಿತು. "ಸಮುದ್ರ ನೋಡಿದ್ದಾತಲ್ಲ. ನಾಳೆ ಮುಂಜಾನಿ ಮ್ಯಾನೇಜರಗ ಬರ್ತೇವಿ ಅಂತ ಹೇಳಿ ಹೊರಡೂಣು." ಕಾಕಾ ದಂಡೆಯ ಕಡೆ ಹೋದದ್ದೇ ತಡ, ಕಾಕು ಎದ್ದು ನನ್ನ ಕೈ ಹಿಡಿದರು. "ನಡಿ, ಆ ಮ್ಯಾನೇಜರನ ಆಪೀಸ ಎಲ್ಲೈತಿ ತೋರಸು."

ಮ್ಯಾನೇಜರು ತಲೆ ಪೂರಾ ನೆರೆತ, ನೀಟಾಗಿ ಟೈ ಕಟ್ಟಿದ ಗೋವಾದ ಕ್ರಿಶ್ಚಿಯನ್ ಯಜಮಾನರು. ಕಾಕುಗೆ ಸೊಲ್ಲಾಪುರದ ತವರಿನ ಮರಾಠಿ ಇತ್ತು, ಅವರಿಗೆ ಕೊಂಕಣಿಯ ಜೊತೆ ಅಷ್ಟಿಷ್ಟು ಮರಾಠಿ ಬರುತ್ತಿತ್ತು. ಮಾತು ಸಾಗಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಾಕು ಅಂದದ್ದು ಇಷ್ಟು: "ನಾಳೆ ನಮ್ಮ ಮನಿಯವರು ಬಂದು ನಿಮಗ ಬರ್ತೇನಿ ಅಂತಾರ. ನೀವು ಬಾಯಿ ತುಂಬ ಇರ್ರಿ ಅನಬೇಕು."

ಅವರಿಗೆ ಅರ್ಥವಾಗಲಿಲ್ಲ. ಮನೆ ವಾರವಿಡೀ ನಿಮ್ಮದೇ, ಹೋಗುವವರನ್ನು ನಾವು ಯಾರು ತಡೆಯಲಿಕ್ಕೆ ಎಂದು ಕೇಳಿದರು.

"ಯಾರೂ ತಡೀಲಿಲ್ಲಂದ್ರ ಹೋಗತಾರ. ಇರ್ರಿ ಅಂದ್ರ ಇರತಾರ. ಕನ್ನೊಳ್ಳಿಯವರು ಅಂದಿದ್ರು, ಮಳಿ ಬರೂತನಕ ಇದ್ರು."

ಕನ್ನೊಳ್ಳಿಯ ಕಥೆಯನ್ನೆಲ್ಲ ಕೇಳಿ ಆ ಮನುಷ್ಯ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ನಮ್ಮ ಹಳ್ಳಿಯಲ್ಲೂ ಹೀಗೇ ಇತ್ತು, ಹೋಟೆಲಿಗೆ ಬಂದ ಮೇಲೆ ಯಾರೂ ನನ್ನ ಅಪ್ಪಣೆ ಕೇಳಿ ಹೋಗಿಲ್ಲ ಅಂದರು. ಆಮೇಲೆ, ಎಲ್ಲಿಯವರೆಗೆ ಹೀಗೆ ಅನ್ನುತ್ತಿರಬೇಕು ಎಂದು ಕೇಳಿದರು.

"ಅವರು ತಾವಾಗೇ ನನ್ನ ಹಂತೇಲಿ ಬಂದು ಕೂಡೂತನಕ," ಅಂದರು ಕಾಕು. ನಾನು ನೆಲ ನೋಡುತ್ತ ನಿಂತಿದ್ದೆ. ಬೇರೆಯವರೆದುರು, ಅದೂ ಗಂಡಸಿನೆದುರು, ಕಾಕು ಇಷ್ಟು ಬಿಚ್ಚಿ ಹೇಳುತ್ತಾರೆಂದು ನಾನು ಅಂದುಕೊಂಡಿರಲಿಲ್ಲ.

ಮರುದಿನ ಮುಂಜಾನೆ ಕಾಕಾ ಕೋಟು ಹಾಕಿ, ಟೋಪಿ ಇಟ್ಟು, ನನ್ನನ್ನು ಕರೆದುಕೊಂಡು ಹೋಗಿ ಅಪ್ಪಣೆ ಕೇಳಿದರು. ತಪಾಸಣೆಯ ವರದಿಯಂಥ ಇಂಗ್ಲಿಷು ಅವರದು. ಮ್ಯಾನೇಜರು ಕುರ್ಚಿ ಬಿಟ್ಟು ಎದ್ದು ಬಂದು ಎರಡೂ ಕೈ ಹಿಡಿದುಕೊಂಡು, ಇದೇನು, ನಿನ್ನೆ ಬಂದವರು ಇವತ್ತು ಹೊರಡುವುದೇ, ನನಗೆ ಬೇಸರವಾಗುತ್ತದೆ, ಇರಬೇಕು ಅಂದರು. ಕಾಕಾ ಎರಡು ಸಲ ಇಲ್ಲ ಅಂದು ನೋಡಿದರು. ಅವರು ಮೂರನೆಯ ಸಲವೂ ಬಿಡಲಿಲ್ಲ. ಹೊರಗೆ ಬಂದ ಕಾಕಾ ಹಣೆಯ ಬೆವರು ಒರೆಸಿಕೊಂಡು, "ಎಂಥಾ ಸಂಭಾವಿತ ಮನಷ್ಯಾ. ಅಂವಂಗ ಹ್ಯಾಂಗ ಬ್ಯಾಡ ಅನ್ನೂದು," ಅಂದರು.

ಹೀಗೇ ನಡೆಯಿತು. ದಿನಾ ಮುಂಜಾನೆ ಕೋಟು, ಟೋಪಿ, ಅಪ್ಪಣೆ. ದಿನಾ ಅವರ ತಡೆ. ಒಂದು ದಿನ ನಿಮ್ಮ ಮನೆಯವರಿಗಾಗಿ ಸಿಹಿ ಮಾಡಿಸಿದ್ದೇನೆ ಅನ್ನುವರು, ಇನ್ನೊಂದು ದಿನ ಸಂಜೆ ವಾದ್ಯದವರು ಬರುತ್ತಾರೆ, ಕೇಳದೆ ಹೋಗುತ್ತೀರಾ ಅನ್ನುವರು. ಆ ಮುದುಕರಿಗೆ ಇದರಲ್ಲಿ ರುಚಿಯೇ ಹತ್ತಿಬಿಟ್ಟಿತ್ತು. ನಾವು ಹೋಗುವ ವೇಳೆಗೆ ಬಾಗಿಲ ಕಡೆ ನೋಡುತ್ತ ಕೂತಿರುತ್ತಿದ್ದರು. ಕಾಕಾ ಮಾತ್ರ ದಿನದಿಂದ ದಿನಕ್ಕೆ ಸೊರಗಿದರು. ದಂಡೆಯ ಮೇಲೆ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಬಿಸಿಲಿಗೆ ಮಲಗಿದ ಬಿಳಿಯರು ಈ ಕೋಟಿನ ಮನುಷ್ಯ ಹಾದುಹೋದಾಗಲೆಲ್ಲ ಕೈ ಎತ್ತಿ ನಮಸ್ಕಾರ ಹೇಳತೊಡಗಿದರು. ಇವರು ಕೊಡೆ ಎತ್ತಿ ಉತ್ತರ ಕೊಡುವರು, ನಿಲ್ಲುವುದಿಲ್ಲ.

ಕಟ್ಟೆಗೆ ಬಂದರೆ ಕುರ್ಚಿಯ ತುದಿಗೆ ಕೂಡುವರು. ಕಾಕು ಏನಾದರೂ ಮಾತು ತೆಗೆಯುವಷ್ಟರಲ್ಲಿ, ಅಲ್ಲಿ ದೋಣಿ ಬಂತು, ನೋಡಿ ಬರ್ತೇನಿ ಎಂದು ಏಳುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ದೂರ ಬಂದು, ಇಂಥ ಜಾಗದಲ್ಲಿ, ಆಪರೇಶನ್ ಆದ ಹೆಂಡತಿಯ ಪಕ್ಕ ಒಂದು ಗಳಿಗೆ ಕೂಡಲಾಗದೆ? ಒಂದು ದಿನ ತಡೆಯದೆ ಕಾಕೂಗೆ ಅಂದೇಬಿಟ್ಟೆ, ನೀವಾದರೂ ಬೈಯಬಾರದೇ ಎಂದು. ಅವರು ದಂಡೆಯ ಮೇಲೆ ಚಿಕ್ಕದಾಗಿ ಕಾಣುತ್ತಿದ್ದ ಬಿಳಿ ಧೋತರವನ್ನೇ ನೋಡುತ್ತ, "ಕಣ್ಣಿಗೆ ಕಾಣೂವಷ್ಟ ದೂರದಾಗ ಅದಾರಲ್ಲ. ಇಷ್ಟ ದಿನ ಇಷ್ಟೂ ಇರಲಿಲ್ಲ," ಅಂದರು. ಅವರ ಕೈ ಈಗ ಸೆರಗು ಮಡಿಚುತ್ತಿರಲಿಲ್ಲ, ಸುಮ್ಮನೆ ಮಡಿಲಲ್ಲಿತ್ತು.

ಭಾನುವಾರ ಬಂತು. ಮ್ಯಾನೇಜರು ಚರ್ಚಿಗೆ ಹೋಗಿದ್ದರು. ಮೇಜಿನ ಹಿಂದೆ ಹೊಸ ಹುಡುಗನೊಬ್ಬ. ಕಾಕಾ ಎಂದಿನಂತೆ ಅಪ್ಪಣೆ ಕೇಳಿದರು. ಅವನು, "ಆಗಲಿ ಸರ್, ಸಾಮಾನಿಗೆ ಆಳು ಕಳಿಸಲೇ?" ಅಂದ. ಕಾಕಾ ನಿಂತೇ ಇದ್ದರು. ಇನ್ನೇನೋ ಬರುತ್ತದೆ ಎಂದು ಕಾಯುತ್ತಿದ್ದರೆಂದು ನನಗೆ ಗೊತ್ತಾಯಿತು. ಅವನು ಫೋನು ಎತ್ತಿದ. ನಾವು ಹೊರಗೆ ಬಂದೆವು. ಬಿಡುಗಡೆಯಾಯಿತು ಎಂದು ಅವರು ಕುಣಿಯುತ್ತಾರೆ ಅಂದುಕೊಂಡಿದ್ದೆ. ಮುಖ ನೋಡಿದರೆ ಯಾರೋ ಕೆನ್ನೆಗೆ ಹೊಡೆದಂತಿತ್ತು.

"ಇವತ್ತ ಯಾರೂ ಇರ್ರಿ ಅನಲಿಲ್ಲ," ಎಂದು ಕಟ್ಟೆಗೆ ಬಂದವರೇ ಹೇಳಿದರು. ಆಮೇಲೆ ಸಾವರಿಸಿಕೊಂಡು, ಒಣಗಹಾಕಿದ ಧೋತರ ಎಳೆದು, ಚೀಲಕ್ಕೆ ತುರುಕತೊಡಗಿದರು. "ನಡೀರಿ, ನಡೀರಿ. ಮಧ್ಯಾಹ್ನದ ಗಾಡಿ ಸಿಗತೈತಿ."

ಕಾಕು ಕುರ್ಚಿಯಿಂದ ಏಳಲಿಲ್ಲ. "ನಾ ಅಂತೇನಿ. ಇರ್ರಿ," ಅಂದರು.

ಕಾಕಾ ತಲೆಯನ್ನೂ ಎತ್ತಲಿಲ್ಲ. "ನೀ ಹ್ಯಾಂಗ ಅಂತಿ. ಇದೇನ ನಿನ್ನ ಮನಿಯೇನು?"

"ನನ್ನ ಮನ್ಯಾಗ ಅಂದಾಗರೆ ಇದ್ದೀರೇನು?"

ದನಿ ಏರಿರಲಿಲ್ಲ. ಆದರೂ ಕಾಕಾರ ಕೈ ಚೀಲದಲ್ಲೇ ನಿಂತಿತು.

"ದಿನಾ ಮುಂಜಾನಿ ಅಂತೇನಿ. ಇವತ್ತೊಂದ ದಿನ ಇರ್ರಿ, ಅಂತ. ಲಗ್ನ ಆದಾಗಿಂದ ಅಂತೇನಿ. ಊರ ಮಂದಿ ಅಂದ್ರ ಹೊಸ್ತಲಾ ದಾಟೂದಿಲ್ಲ ನೀವು. ನಾ ಅಂದ್ರ ಕೇಳಸೂದಽ ಇಲ್ಲ. ಅದಕ್ಕ ಈ ಊರ ಮನಷ್ಯಾನ ಕಡಿಂದ ಅನಸಬೇಕಾತು. ನಾನಽ ಹೋಗಿ ಕೈ ಮುಗದ ಬಂದೆ, ನಮ್ಮವರಿಗೆ ಇರ್ರಿ ಅನ್ರಿ ಅಂತ."

ನಿಜವಾಗಿತ್ತು. ಬಾಗೇವಾಡಿಯ ಆ ಮುಂದಿನ ಕೋಣೆಯಲ್ಲಿ ದಿನಾ ಮುಂಜಾನೆ ನಾನು ಆ ಮಾತು ಕೇಳಿದ್ದೆ. ಪಾತ್ರೆಯ ಸಪ್ಪಳದ ಜೊತೆ, ಬಾಗಿಲ ಚಿಲಕದ ಸಪ್ಪಳದ ಜೊತೆ ಅದೂ ಒಂದು ಸಪ್ಪಳವೆಂದು ನನ್ನ ಕಿವಿಯೂ ಅದನ್ನು ಬಿಟ್ಟುಬಿಟ್ಟಿತ್ತು.

ಕಾಕಾ ಸಾಮಾನಿಗೆ ಬಂದ ಆಳನ್ನು ಕೈಸನ್ನೆಯಲ್ಲೇ ಕಳಿಸಿ, ದಂಡೆಗೆ ಹೋದರು. ಈ ಸಲ ತಿರುಗಾಡಲಿಲ್ಲ. ನೀರು ಬಂದು ಪಾದ ತೋಯಿಸುವಲ್ಲಿ ನಮ್ಮ ಕಡೆ ಬೆನ್ನು ಮಾಡಿ ನಿಂತರು. ಹೊತ್ತು ಏರಿತು. ಕರೆಯಲೇ ಎಂದು ಕೇಳಿದೆ. ಬ್ಯಾಡ ಎಂದು ಕಾಕು ತಲೆಯಾಡಿಸಿದರು. ಆಡಬಾರದ್ದನ್ನು ಆಡಿಬಿಟ್ಟೆನೇನೋ ಎಂಬ ಹೆದರಿಕೆ ಅವರಿಗೆ. ನನಗೂ ಅದೇ ಹೆದರಿಕೆ. ಆ ಮನುಷ್ಯ ಹಾಗೇ ದಂಡೆ ಹಿಡಿದು ನಡೆದು ಹೋಗಿಬಿಟ್ಟರೆ ಏನು ಮಾಡುವುದು ಎಂದು ಎಣಿಸುತ್ತ ಕಂಬ ಹಿಡಿದು ನಿಂತಿದ್ದೆ.

ಅವರು ತಿರುಗಿ ಬರುತ್ತಿರುವಾಗಲೇ ಮ್ಯಾನೇಜರು ಚರ್ಚಿನಿಂದ ಬಂದರು, ಪ್ರಾರ್ಥನೆಗೆ ಹಾಕಿದ್ದ ಕಪ್ಪು ಸೂಟಿನಲ್ಲೇ, ಏದುಸಿರು ಬಿಡುತ್ತ. ಹುಡುಗ ಹೇಳಿರಬೇಕು. ನಮ್ಮ ಮನೆಯ ಮುಂದಿನ ಹುಲ್ಲಿನ ಮೇಲೆ ಇಬ್ಬರೂ ಎದುರಾದರು. ಮುದುಕರು ಎರಡೂ ಕೈ ಚಾಚಿ, ಇದೇನು ಸಾಹೇಬರೇ, ನಾನಿಲ್ಲದ ಹೊತ್ತು ನೋಡಿ ಹೊರಟಿರಂತೆ, ಸಾಧ್ಯವೇ ಇಲ್ಲ, ನೀವು ಇರಲೇಬೇಕು ಎಂದು ಶುರು ಮಾಡಿದರು.

ಕಾಕಾ ಗದ್ದಲ ಮಾಡುವ ಮಕ್ಕಳನ್ನು ಸುಮ್ಮನಾಗಿಸುವಂತೆ ಕೈ ಎತ್ತಿದರು. ಈ ಸಲ ಇಂಗ್ಲಿಷು ಬಿಟ್ಟು ಮರಾಠಿಯಲ್ಲಿ ಹೇಳಿದರು, ಕಾಕುಗೂ ಕೇಳಲಿ ಎನ್ನುವಷ್ಟು ಗಟ್ಟಿಯಾಗಿ. ನಮ್ಮ ಮಾತಿನಲ್ಲಿ ಅದು ಹೀಗಾಗುತ್ತದೆ:

"ಇನ್ನ ನೀವು ಅನಬ್ಯಾಡ್ರಿ. ನಮ್ಮ ಮನಿಯವರು ಅಂದಾರ."

ಹೇಳಿ, ಮೆಟ್ಟಿಲಿನತ್ತ ಬಂದರು. ಕಾಕು ಅವರ ಕಡೆ ನೋಡಲಿಲ್ಲ, ಸಮುದ್ರ ನೋಡುತ್ತಲೇ ಅಂದರು, "ಚಪ್ಪಲಿ ಅಲ್ಲೇ ಕಳದ ಬರ್ರಿ. ಉಸುಕ ಹತ್ತೇತಿ."